ಲಿವರ್ ಕ್ಯಾನ್ಸರ್ ಆಪರೇಷನ್ ಆದ ಮೇಲೆ ರಕ್ತದ ರಿಪೋರ್ಟ್ ಏನು ಹೇಳುತ್ತದೆ?

ನಮ್ಮ ಚಿಕ್ಕಪ್ಪನಿಗೆ ಲಿವರ್ ಕ್ಯಾನ್ಸರ್ ಆಪರೇಷನ್ ಆಯಿತು. ಗಡ್ಡೆ ಪೂರ್ತಿ ತೆಗೆದಿದ್ದೇವೆ ಅಂತ ಡಾಕ್ಟರು ಹೇಳಿದರು, ಮನೆಯವರೆಲ್ಲ ಉಸಿರು ಬಿಟ್ಟೆವು. ಸರಿಯಾಗಿ ಮೂರು ವಾರಕ್ಕೆ, ರಾತ್ರಿ ಹತ್ತೂವರೆಗೆ, ಚಿಕ್ಕಮ್ಮ ವಾಟ್ಸಾಪ್‌ನಲ್ಲಿ ಒಂದು ರಿಪೋರ್ಟಿನ ಫೋಟೊ ಕಳಿಸಿದರು. ಎಎಫ್‌ಪಿ ಅನ್ನುವ ಸಾಲಿನಲ್ಲಿ 68 ಅಂತ ದಪ್ಪ ಅಕ್ಷರದಲ್ಲಿತ್ತು. ಪಕ್ಕದಲ್ಲಿ ಮೇಲ್ಮುಖದ ಬಾಣ. ಹತ್ತರೊಳಗೆ ಇರಬೇಕು ಅಂತ ಅದರ ಮುಂದೆಯೇ ಅಚ್ಚಾಗಿತ್ತು.

“ಎಲ್ಲಾ ತೆಗೆದಿದೀವಿ ಅಂದ್ರಲ್ಲಪ್ಪ, ಮತ್ತೆ ಇದ್ಯಾಕೆ ಇಷ್ಟು ಜಾಸ್ತಿ ಇದೆ?” ಅಂತ ಕೇಳಿದರು.

ಆ ರಾತ್ರಿ ನನಗೆ ಉತ್ತರ ಗೊತ್ತಿರಲಿಲ್ಲ. ಆಮೇಲೆ ಓದಿ, ಡಾಕ್ಟರನ್ನು ಕೇಳಿ ತಿಳಿದುಕೊಂಡೆ. ಇಂಥ ರಿಪೋರ್ಟ್ ಕೈಯಲ್ಲಿ ಹಿಡಿದು ಕೂತಿರುವ ಬೇರೆ ಮನೆಗಳೂ ಇವೆ ಅಲ್ವಾ, ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲು, ಯಾವ ಕ್ಯಾನ್ಸರ್ ಬಗ್ಗೆ ಮಾತು?

ಲಿವರ್‌ನಲ್ಲಿ ಕ್ಯಾನ್ಸರ್ ಗಡ್ಡೆ ಕಾಣಿಸಿಕೊಳ್ಳುವುದು ಎರಡು ರೀತಿ. ಒಂದು, ದೊಡ್ಡ ಕರುಳು ಅಥವಾ ಬೇರೆಲ್ಲೋ ಹುಟ್ಟಿ ಲಿವರ್‌ಗೆ ಬಂದು ಕೂರುವುದು. ಇನ್ನೊಂದು, ಲಿವರ್‌ನಲ್ಲೇ ಹುಟ್ಟುವುದು. ಎರಡಕ್ಕೂ ಮಾಡಿಸುವ ರಕ್ತಪರೀಕ್ಷೆ ಬೇರೆ ಬೇರೆ. ಕರುಳಿನಿಂದ ಬಂದಿದ್ದಕ್ಕೆ ಸಿಇಎ ಅನ್ನುವ ಪರೀಕ್ಷೆ ಮಾಡಿಸುತ್ತಾರೆ. ಇಲ್ಲಿ ನಾನು ಹೇಳುತ್ತಿರುವುದು ಲಿವರ್‌ನಲ್ಲೇ ಹುಟ್ಟುವ ಕ್ಯಾನ್ಸರ್ ಬಗ್ಗೆ, ಅದರಲ್ಲೂ ಲಿವರ್‌ನ ಮುಖ್ಯ ಜೀವಕೋಶಗಳಿಂದ ಬೆಳೆಯುವ ಹೆಪಟೋಸೆಲ್ಯುಲರ್ ಕಾರ್ಸಿನೋಮ ಬಗ್ಗೆ. ರಿಪೋರ್ಟಿನಲ್ಲಿ ಇದನ್ನು ಎಚ್‌ಸಿಸಿ ಅಂತ ಬರೆಯುತ್ತಾರೆ. ಲಿವರ್‌ನಲ್ಲೇ ಹುಟ್ಟುವ ಕ್ಯಾನ್ಸರ್‌ಗಳಲ್ಲಿ ಮುಕ್ಕಾಲು ಪಾಲಿಗಿಂತ ಜಾಸ್ತಿ ಇದೇ.

2022ರಲ್ಲಿ ಪ್ರಪಂಚದಲ್ಲಿ ಸುಮಾರು 8.65 ಲಕ್ಷ ಜನರಿಗೆ ಹೊಸದಾಗಿ ಲಿವರ್ ಕ್ಯಾನ್ಸರ್ ಪತ್ತೆಯಾಯಿತು. ಅದೇ ವರ್ಷ ಸುಮಾರು 7.58 ಲಕ್ಷ ಜನ ಇದರಿಂದ ತೀರಿಕೊಂಡರು. ಕಾರಣಗಳು ಗೊತ್ತಿರುವಂಥವೇ. ಹೆಪಟೈಟಿಸ್ ಬಿ ಮತ್ತು ಸಿ ವೈರಸ್, ಕುಡಿತ, ಸಕ್ಕರೆ ಕಾಯಿಲೆ ಮತ್ತು ತೂಕದ ಜೊತೆ ಬರುವ ಫ್ಯಾಟಿ ಲಿವರ್. ಬೂಸ್ಟು ಹಿಡಿದ ಕಡಲೆಕಾಯಿ, ಜೋಳದಲ್ಲಿ ಹುಟ್ಟುವ ಅಫ್ಲಟಾಕ್ಸಿನ್ ಅನ್ನುವ ವಿಷವೂ ಒಂದು ಕಾರಣ. ಹಾಗಾಗಿ ಕಹಿ ಹತ್ತಿದ, ಬೂಸ್ಟು ಬಂದ ಕಡಲೆಬೀಜವನ್ನು ಸುಮ್ನೆ ಆರಿಸಿ ಬಾಯಿಗೆ ಹಾಕಿಕೊಳ್ಳಬೇಡಿ, ಎಸೆದುಬಿಡಿ.

ಬಯೋಮಾರ್ಕರ್ ಅಂದರೇನು?

ದೇಹದೊಳಗೆ ನಡೆಯುತ್ತಿರುವುದನ್ನು ಹೊರಗಿನಿಂದ ಅಳೆದು ತಿಳಿಯಲು ಸಿಗುವ ಗುರುತು, ಅಷ್ಟೇ. ಜ್ವರ ನೋಡುವುದೂ ಒಂದು ಲೆಕ್ಕದಲ್ಲಿ ಅದೇ. ಸಕ್ಕರೆ ಕಾಯಿಲೆಯವರು ಮಾಡಿಸುವ ಮೂರು ತಿಂಗಳ ಸರಾಸರಿಯೂ ಅದೇ.

ಆದರೆ ಗುರುತುಗಳು ಎರಡು ತರಹದ ಕೆಲಸ ಮಾಡುತ್ತವೆ. ಕೆಲವು ‘ಈಗ ಕಾಯಿಲೆ ಇದೆಯಾ’ ಅಂತ ಹೇಳುತ್ತವೆ. ಕೆಲವು ‘ಮುಂದೆ ಹೇಗಾಗಬಹುದು’ ಅನ್ನುವ ಸುಳಿವು ಕೊಡುತ್ತವೆ. ಆಪರೇಷನ್ ಆದವರಿಗೆ ಬೇಕಾಗಿರುವುದು ಈ ಎರಡನೆಯದು. ಆ ‘ಮುಂದೆ’ ಅನ್ನುವುದರೊಳಗೂ ಬೇರೆ ಬೇರೆ ಪ್ರಶ್ನೆಗಳಿವೆ. ಉಳಿದ ಲಿವರ್ ತಡೆದುಕೊಳ್ಳುತ್ತದಾ? ಹಳೇ ಗಡ್ಡೆಯ ಚೂರು ಎಲ್ಲಾದರೂ ಉಳಿದಿದೆಯಾ? ಹೊಸ ಗಡ್ಡೆ ಹುಟ್ಟುತ್ತದಾ? ಯಾವ ಪರೀಕ್ಷೆ ಯಾವ ಪ್ರಶ್ನೆಗೆ ಅನ್ನುವುದು ಗೊತ್ತಿಲ್ಲದಿದ್ದರೆ ರಿಪೋರ್ಟಿನ ಎಲ್ಲ ಸಂಖ್ಯೆಗಳೂ ಒಂದೇ ತರಹ ಹೆದರಿಸುತ್ತವೆ.

ಮೊದಲ ಐದು ದಿನ: ಉಳಿದ ಲಿವರ್ ಕೆಲಸ ಮಾಡುತ್ತಿದೆಯಾ?

ಲಿವರ್ ಒಂದು ವಿಶೇಷ ಅಂಗ. ಆರೋಗ್ಯವಾಗಿದ್ದರೆ ಅದರ ಮುಕ್ಕಾಲು ಪಾಲಿನಷ್ಟು ತೆಗೆದರೂ ಉಳಿದ ಭಾಗ ಕೆಲವೇ ವಾರ, ತಿಂಗಳುಗಳಲ್ಲಿ ಬೆಳೆದು ಆ ಜಾಗ ತುಂಬುತ್ತದೆ. ಆದರೆ ಕ್ಯಾನ್ಸರ್ ಬರುವ ಲಿವರ್ ಸಾಮಾನ್ಯವಾಗಿ ಆರೋಗ್ಯವಾಗಿರುವುದಿಲ್ಲ. ಬಹಳ ಜನರಿಗೆ ಮೊದಲೇ ಸಿರೋಸಿಸ್ ಇರುತ್ತದೆ, ಅಂದರೆ ವರ್ಷಗಟ್ಟಲೆ ಪೆಟ್ಟು ತಿಂದು ಲಿವರ್ ಗಟ್ಟಿಯಾಗಿ, ಗಂಟುಗಂಟಾಗಿರುತ್ತದೆ. ಅಂಥವರಿಗೆ ಕನಿಷ್ಠ ಶೇಕಡಾ 40ರಷ್ಟಾದರೂ ಉಳಿಸಬೇಕು ಅಂತ ಸರ್ಜನ್‌ಗಳು ಲೆಕ್ಕ ಹಾಕುತ್ತಾರೆ. ಚೆನ್ನಾಗಿರುವ ಲಿವರ್ ಆದರೆ ಶೇಕಡಾ 20ರಿಂದ 25 ಉಳಿದರೂ ಸಾಕಾಗುತ್ತದೆ.

ಆಪರೇಷನ್ ಆದ ಮರುದಿನದ ರಿಪೋರ್ಟ್ ನೋಡಿದರೆ ಎಸ್‌ಜಿಒಟಿ, ಎಸ್‌ಜಿಪಿಟಿ ಅನ್ನುವ ಲಿವರ್ ಎನ್ಜೈಮ್‌ಗಳು ನೂರುಗಟ್ಟಲೆ ಏರಿರುತ್ತವೆ. ಮನೆಯವರು ಹೆದರುವುದು ಇಲ್ಲೇ. ಲಿವರ್ ಕತ್ತರಿಸಿದ್ದಾರೆ, ಸ್ವಲ್ಪ ಹೊತ್ತು ಅದರ ರಕ್ತ ಹರಿವನ್ನು ತಡೆದಿದ್ದಾರೆ. ಕೋಶಗಳು ಒಡೆದು ಒಳಗಿನ ಎನ್ಜೈಮ್ ಹೊರಗೆ ಬಂದಿದೆ. ದಿನದಿಂದ ದಿನಕ್ಕೆ ಇಳಿಯುತ್ತಿದ್ದರೆ ಸರಿ.

ಡಾಕ್ಟರು ಕಣ್ಣಿಟ್ಟಿರುವುದು ಬೇರೆ ಎರಡರ ಮೇಲೆ. ಒಂದು ಬಿಲಿರುಬಿನ್. ಇದು ಜಾಸ್ತಿಯಾದರೆ ಕಣ್ಣು ಹಳದಿಯಾಗುತ್ತದೆ, ನಾವು ಕಾಮಾಲೆ ಅನ್ನುತ್ತೇವೆ. ಇನ್ನೊಂದು ಪಿಟಿ ಅಥವಾ ಐಎನ್‌ಆರ್, ಅಂದರೆ ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಬೇಕು ಅನ್ನುವ ಲೆಕ್ಕ. ಹೆಪ್ಪುಗಟ್ಟಿಸುವ ಪ್ರೋಟೀನ್‌ಗಳಲ್ಲಿ ಹೆಚ್ಚಿನವನ್ನು ಲಿವರ್ರೇ ತಯಾರಿಸುತ್ತದೆ. ಹಾಗಾಗಿ ಐಎನ್‌ಆರ್ ಏರುತ್ತಿದೆ ಅಂದರೆ ಕಾರ್ಖಾನೆಯ ಉತ್ಪಾದನೆ ಇಳಿಯುತ್ತಿದೆ ಅಂತ ಅರ್ಥ.

2005ರಲ್ಲಿ ಫ್ರಾನ್ಸಿನ ಸರ್ಜನ್‌ಗಳು 775 ಲಿವರ್ ಆಪರೇಷನ್‌ಗಳ ದಾಖಲೆ ನೋಡಿ ಒಂದು ಸರಳ ಸೂತ್ರ ಕೊಟ್ಟರು. ಅದಕ್ಕೆ ‘50-50’ ಅಂತಲೇ ಹೆಸರು. ಐದನೇ ದಿನ ಹೆಪ್ಪುಗಟ್ಟುವ ಶಕ್ತಿ ಶೇಕಡಾ 50ಕ್ಕಿಂತ ಕಡಿಮೆ (ಐಎನ್‌ಆರ್‌ನಲ್ಲಿ ಹೇಳಿದರೆ ಸುಮಾರು 1.7ಕ್ಕಿಂತ ಜಾಸ್ತಿ), ಜೊತೆಗೆ ಬಿಲಿರುಬಿನ್ 50 ಮೈಕ್ರೊಮೋಲ್‌ಗಿಂತ ಜಾಸ್ತಿ (ನಮ್ಮ ಲ್ಯಾಬ್‌ಗಳ ಲೆಕ್ಕದಲ್ಲಿ ಸುಮಾರು 3 ಮಿಲಿಗ್ರಾಂ), ಎರಡೂ ಒಟ್ಟಿಗೆ ಇದ್ದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಉಳಿಯಲಿಲ್ಲ. ಯಾಕೆ ಐದನೇ ದಿನ? ಮೊದಲ ಎರಡು ಮೂರು ದಿನ ಎಲ್ಲರಲ್ಲೂ ಈ ಸಂಖ್ಯೆಗಳು ಕೆಡುತ್ತವೆ. ಐದರ ಹೊತ್ತಿಗೆ ಚೇತರಿಸಿಕೊಳ್ಳುವ ಲಿವರ್ ತಿರುಗಿಕೊಂಡಿರುತ್ತದೆ. ತಿರುಗಿಕೊಳ್ಳದಿದ್ದರೆ ಅದು ನಿಜವಾದ ಎಚ್ಚರಿಕೆ.

ಮತ್ತೆ ಬರುವುದು ಎರಡು ದಾರಿಯಲ್ಲಿ

ಈ ಕಾಯಿಲೆಯ ಕಷ್ಟದ ಮಾತು ಇದು. ಆಪರೇಷನ್ ಚೆನ್ನಾಗಿ ಆದವರಲ್ಲೂ ಐದು ವರ್ಷದೊಳಗೆ ಶೇಕಡಾ 70ರವರೆಗೆ ಜನರಲ್ಲಿ ಗಡ್ಡೆ ಮತ್ತೆ ಕಾಣಿಸಿಕೊಳ್ಳುತ್ತದೆ.

ಹೊಲ ಮಾಡುವವರಿಗೆ ಇದು ಬೇಗ ಅರ್ಥವಾಗುತ್ತದೆ. ಜೇಕು ಗೊತ್ತಲ್ವಾ? ಮೇಲಿನ ಹುಲ್ಲು ಕಿತ್ತರೂ ಮಣ್ಣಿನೊಳಗೆ ಒಂದು ಸಣ್ಣ ಗೆಡ್ಡೆ ಉಳಿದರೆ ಸಾಕು, ಮತ್ತೆ ಚಿಗುರುತ್ತದೆ. ಗಡ್ಡೆಯ ಕೋಶಗಳು ಆಪರೇಷನ್‌ಗೆ ಮೊದಲೇ ಸಣ್ಣ ರಕ್ತನಾಳಗಳೊಳಗೆ ನುಸುಳಿ, ಸ್ಕ್ಯಾನ್‌ಗೂ ಕಾಣದಷ್ಟು ಚಿಕ್ಕದಾಗಿ ಕೂತಿದ್ದರೆ ಆಗುವುದು ಇದೇ. ಇದು ಸಾಮಾನ್ಯವಾಗಿ ಮೊದಲ ಎರಡು ವರ್ಷದೊಳಗೆ ಕಾಣಿಸಿಕೊಳ್ಳುತ್ತದೆ.

ಇನ್ನೊಂದು ದಾರಿಯಲ್ಲಿ ಹಳೇ ಬೇರು ಏನೂ ಉಳಿದಿರುವುದಿಲ್ಲ. ಆದರೆ ಮಣ್ಣೇ ಕೆಟ್ಟಿದೆ. ಸಿರೋಸಿಸ್, ವೈರಸ್, ಕೊಬ್ಬು ಇರುವ ಅದೇ ಲಿವರ್‌ನಲ್ಲಿ ಹೊಸದೇ ಒಂದು ಗಡ್ಡೆ ಹುಟ್ಟುತ್ತದೆ. ಇದು ಎರಡು ವರ್ಷ ಕಳೆದ ಮೇಲೆ ಬರುವುದು ಜಾಸ್ತಿ.

ಮುಂದೆ ಹೇಳುವ ಒಂದೊಂದು ಪರೀಕ್ಷೆಯನ್ನೂ ‘ಇದು ಬೇರಿನ ಸುದ್ದಿಯಾ, ಮಣ್ಣಿನ ಸುದ್ದಿಯಾ’ ಅಂತ ಕೇಳಿಕೊಂಡು ನೋಡಿ.

ಎಎಫ್‌ಪಿ: ಹಳೇ ಪರೀಕ್ಷೆ, ಓದುವ ಕ್ರಮ ಗೊತ್ತಿರಬೇಕು

ಆಲ್ಫಾ ಫೀಟೊಪ್ರೋಟೀನ್, ಅಂದರೆ ಎಎಫ್‌ಪಿ, ತಾಯಿಯ ಹೊಟ್ಟೆಯಲ್ಲಿರುವ ಮಗುವಿನ ಲಿವರ್ ತಯಾರಿಸುವ ಪ್ರೋಟೀನ್. ಮಗು ಹುಟ್ಟಿದ ಮೇಲೆ ಅದರ ಕೆಲಸ ಮುಗಿಯುತ್ತದೆ, ದೊಡ್ಡವರ ರಕ್ತದಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ. 1963ರಲ್ಲಿ ಸೋವಿಯತ್ ವಿಜ್ಞಾನಿ ಗ್ಯಾರಿ ಅಬೆಲೆವ್ ಮತ್ತು ಸಂಗಡಿಗರು ಲಿವರ್ ಗಡ್ಡೆ ಇದ್ದ ಇಲಿಗಳ ರಕ್ತದಲ್ಲಿ ಇದನ್ನು ಕಂಡರು. ಮರುವರ್ಷವೇ ಯೂರಿ ತತಾರಿನೋವ್ ಲಿವರ್ ಕ್ಯಾನ್ಸರ್ ಇದ್ದ ಮನುಷ್ಯರ ರಕ್ತದಲ್ಲೂ ಕಂಡರು. ಕ್ಯಾನ್ಸರ್ ಕೋಶ ಬೆಳೆಯುವ ಭರದಲ್ಲಿ ತನ್ನ ಶಿಶುಕಾಲದ ಕೆಲಸವನ್ನು ಮತ್ತೆ ಶುರುಮಾಡಿರುತ್ತದೆ.

ಆಪರೇಷನ್‌ಗೆ ಮುಂಚೆ ಎಎಫ್‌ಪಿ ತುಂಬಾ ಜಾಸ್ತಿ ಇದ್ದರೆ, ಅದರಲ್ಲೂ 400 ದಾಟಿದ್ದರೆ, ಗಡ್ಡೆ ಜೋರಿನದ್ದು, ಬೇಗ ಮರಳುವ ಸಾಧ್ಯತೆ ಜಾಸ್ತಿ ಅಂತ ಡಾಕ್ಟರು ಗಮನದಲ್ಲಿಡುತ್ತಾರೆ. ಇದು ಬೇರಿನ ಸುದ್ದಿ.

ಆಪರೇಷನ್ ಆದ ಮೇಲೆ ನೋಡಬೇಕಾದ್ದು ಅದು ಇಳಿಯುವ ವೇಗ. ಒಲೆ ಆರಿಸಿದ ತಕ್ಷಣ ಪಾತ್ರೆ ತಣ್ಣಗಾಗುತ್ತದಾ? ಇಲ್ಲ. ಹಾಗೆಯೇ ಗಡ್ಡೆ ತೆಗೆದ ದಿನವೇ ಎಎಫ್‌ಪಿ ಮಾಯವಾಗುವುದಿಲ್ಲ. ಮೊದಲೇ ರಕ್ತಕ್ಕೆ ಸೇರಿದ್ದು ಐದರಿಂದ ಏಳು ದಿನಕ್ಕೆ ಅರ್ಧದಷ್ಟು ಕರಗುತ್ತಾ ಹೋಗುತ್ತದೆ. ಚಿಕ್ಕಪ್ಪನ ಲೆಕ್ಕವನ್ನೇ ನೋಡಿ. ಆಪರೇಷನ್‌ಗೆ ಮುಂಚೆ ಸುಮಾರು 800 ಇತ್ತು. ಆರು ದಿನಕ್ಕೆ ಅರ್ಧ ಅಂತ ಹಿಡಿದರೆ ಆರನೇ ದಿನಕ್ಕೆ 400, ಹನ್ನೆರಡಕ್ಕೆ 200, ಹದಿನೆಂಟಕ್ಕೆ 100, ಇಪ್ಪತ್ನಾಲ್ಕಕ್ಕೆ 50. ಮೂರು ವಾರಕ್ಕೆ 70ರ ಆಸುಪಾಸು. ಚಿಕ್ಕಮ್ಮ ಕಳಿಸಿದ್ದು 68! ಅಂದರೆ ಅದು ಸರಿಯಾದ ದಾರಿಯಲ್ಲೇ ಇಳಿಯುತ್ತಿತ್ತು. ರಿಪೋರ್ಟಿನ ಬಾಣಕ್ಕೆ ಅದು ಗೊತ್ತಿಲ್ಲ, ಅದು ಆ ದಿನದ ಸಂಖ್ಯೆಯನ್ನು ಮಾತ್ರ ನೋಡುತ್ತದೆ. ಏಳನೇ ವಾರ ಮತ್ತೆ ಮಾಡಿಸಿದಾಗ 6 ಬಂತು.

ಹೀಗೆ ಇಳಿಯದೆ ನಡುವೆ ನಿಂತುಬಿಟ್ಟರೆ, ಅಥವಾ ಹತ್ತರೊಳಗೆ ಬಂದು ಆಮೇಲೆ 15, 40, 110 ಅಂತ ಹತ್ತತೊಡಗಿದರೆ, ಆಗ ಸ್ಕ್ಯಾನ್ ಮಾಡಿಸುತ್ತಾರೆ.

ಇದಕ್ಕೂ ಮಿತಿ ಇದೆ. ಸುಮಾರು ಮೂರರಲ್ಲಿ ಒಂದು ಗಡ್ಡೆ ಎಎಫ್‌ಪಿ ತಯಾರಿಸುವುದೇ ಇಲ್ಲ. ಅಂಥವರಿಗೆ ಆಪರೇಷನ್‌ಗೆ ಮುಂಚೆಯೂ 5 ಇರುತ್ತದೆ, ಆಮೇಲೂ 5. ಅದನ್ನು ನೋಡಿ ನಿಶ್ಚಿಂತೆಯಾಗಿರುವ ಹಾಗಿಲ್ಲ. ಇನ್ನೊಂದು ಕಡೆ, ಹೆಪಟೈಟಿಸ್ ಕೆರಳಿದರೆ ಕ್ಯಾನ್ಸರ್ ಇಲ್ಲದೆಯೂ ಏರಬಹುದು. ಗರ್ಭಿಣಿಯರಲ್ಲಿ ಜಾಸ್ತಿ ಇರುವುದು ಸಹಜವೇ.

ಚನ್ನಂಗಿ ಬೇಳೆಗೂ ಕ್ಯಾನ್ಸರ್ ಪರೀಕ್ಷೆಗೂ ಏನು ಸಂಬಂಧ?

ಕೆಲವು ರಿಪೋರ್ಟ್‌ಗಳಲ್ಲಿ ಎಎಫ್‌ಪಿ-ಎಲ್3 ಅಂತ ಇನ್ನೊಂದು ಸಾಲು ಬರುತ್ತದೆ. ಎಲ್ಲ ಎಎಫ್‌ಪಿಯೂ ಒಂದೇ ತರಹ ಇರುವುದಿಲ್ಲ. ಅದರ ಮೈಮೇಲೆ ಸಕ್ಕರೆಯ ಸಣ್ಣ ಕೊಂಡಿಗಳಿರುತ್ತವೆ, ಕ್ಯಾನ್ಸರ್ ಕೋಶ ತಯಾರಿಸಿದ್ದರಲ್ಲಿ ಆ ಕೊಂಡಿ ಸ್ವಲ್ಪ ಬೇರೆ. ಇದನ್ನು ಬೇರ್ಪಡಿಸಲು ಬಳಸಿದ್ದು ನಾವು ಸಾರಿಗೆ ಹಾಕುವ ಚನ್ನಂಗಿ ಬೇಳೆಯಲ್ಲಿರುವ ಒಂದು ಪ್ರೋಟೀನ್. ಅದಕ್ಕೆ ಗಟ್ಟಿಯಾಗಿ ಅಂಟಿಕೊಳ್ಳುವ ಪಾಲೇ ಎಲ್3. ಆ ‘ಎಲ್’ ಬಂದಿರುವುದು ಚನ್ನಂಗಿ ಗಿಡದ ವೈಜ್ಞಾನಿಕ ಹೆಸರಾದ ಲೆನ್ಸ್ ಕ್ಯುಲಿನಾರಿಸ್‌ನಿಂದ. ಒಟ್ಟು ಎಎಫ್‌ಪಿಯಲ್ಲಿ ಇದು ಶೇಕಡಾ 10ಕ್ಕಿಂತ ಜಾಸ್ತಿ ಇದ್ದರೆ ಎಚ್ಚರಿಕೆ ಅಂತ ತೆಗೆದುಕೊಳ್ಳುತ್ತಾರೆ. (ಬೇಳೆ ತಿಂದರೆ ಪರೀಕ್ಷೆ ಏರುಪೇರಾಗುತ್ತದಾ ಅಂತ ಚಿಕ್ಕಮ್ಮ ಕೇಳಿದರು. ಇಲ್ಲ, ಆ ಪ್ರೋಟೀನ್ ಬಳಸುವುದು ಲ್ಯಾಬ್‌ನಲ್ಲಿ.)

ಪಿವ್ಕಾ: ಸುಡದ ಮಡಕೆ

ಪಿವ್ಕಾ-2 ಅಂತ ಒಂದು ಪರೀಕ್ಷೆ. ಕೆಲವು ಲ್ಯಾಬ್‌ಗಳು ಇದನ್ನೇ ಡಿಸಿಪಿ ಅಂತ ಬರೆಯುತ್ತವೆ.

ರಕ್ತ ಹೆಪ್ಪುಗಟ್ಟಲು ಬೇಕಾದ ಪ್ರೋಥ್ರಾಂಬಿನ್ ಅನ್ನು ಲಿವರ್ ಎರಡು ಹಂತದಲ್ಲಿ ತಯಾರಿಸುತ್ತದೆ. ಕುಂಬಾರ ಮಡಕೆ ತಟ್ಟಿ, ಆಮೇಲೆ ಆವಿಗೆಯಲ್ಲಿ ಸುಡುವ ಹಾಗೆ. ಸುಡುವ ಹಂತಕ್ಕೆ ವಿಟಮಿನ್ ಕೆ ಬೇಕು. ಕ್ಯಾನ್ಸರ್ ಕೋಶದಲ್ಲಿ ಈ ಎರಡನೇ ಹಂತ ಕೆಡುತ್ತದೆ, ಸುಡದ ಹಸಿ ಮಡಕೆಗಳೇ ರಕ್ತಕ್ಕೆ ಬಂದು ಬೀಳುತ್ತವೆ. ಅದೇ ಪಿವ್ಕಾ. ಲಿವರ್ ಕ್ಯಾನ್ಸರ್ ಇದ್ದವರಲ್ಲಿ ಇದು ಜಾಸ್ತಿ ಇರುತ್ತದೆ ಅಂತ 1984ರಲ್ಲಿ ಗೊತ್ತಾಯಿತು. ಜಪಾನಿನಲ್ಲಿ ಇದರ ಬಳಕೆ ತುಂಬಾ. ಸಾಮಾನ್ಯವಾಗಿ 40ಕ್ಕಿಂತ ಜಾಸ್ತಿ ಇದ್ದರೆ ಹೆಚ್ಚು ಅನ್ನುತ್ತಾರೆ.

ಇದು ಮುಖ್ಯವಾಗುವುದು ಯಾಕೆಂದರೆ, ಆಪರೇಷನ್‌ಗೆ ಮುಂಚೆ ಪಿವ್ಕಾ ಜಾಸ್ತಿ ಇರುವವರಲ್ಲಿ ಗಡ್ಡೆ ಸಣ್ಣ ರಕ್ತನಾಳಗಳೊಳಗೆ ನುಸುಳಿರುವುದು ಹೆಚ್ಚಾಗಿ ಕಂಡುಬರುತ್ತದೆ. ಜೇಕಿನ ಗೆಡ್ಡೆ ಮಣ್ಣಿನಲ್ಲಿ ಉಳಿದಿರಬಹುದು ಅನ್ನುವ ಸುಳಿವು ಅದು. ಎಎಫ್‌ಪಿ ತಯಾರಿಸದ ಗಡ್ಡೆ ಎಷ್ಟೋ ಸಲ ಪಿವ್ಕಾ ತಯಾರಿಸುತ್ತದೆ, ಹಾಗಾಗಿ ಎರಡನ್ನೂ ಸೇರಿಸಿ ನೋಡುವುದು ಒಳ್ಳೆಯದು.

ಒಂದು ಎಚ್ಚರಿಕೆ ಇದೆ. ಹೃದಯದ ಕವಾಟ ಬದಲಿಸಿದವರು ತೆಗೆದುಕೊಳ್ಳುವ ವಾರ್ಫರಿನ್, ಅಸೆನೊಕೌಮರಾಲ್ ನಂಥ ರಕ್ತ ತೆಳು ಮಾಡುವ ಮಾತ್ರೆಗಳು ವಿಟಮಿನ್ ಕೆ ಕೆಲಸವನ್ನೇ ತಡೆಯುತ್ತವೆ. ಅಂಥವರಲ್ಲಿ ಪಿವ್ಕಾ ಕ್ಯಾನ್ಸರ್ ಇಲ್ಲದೆಯೂ ಏರುತ್ತದೆ. ತುಂಬಾ ದಿನ ಕಾಮಾಲೆ ಇದ್ದವರಲ್ಲೂ ಹಾಗೆಯೇ. ಈ ಮಾತ್ರೆ ನುಂಗುತ್ತಿದ್ದರೆ ಕೇಳದಿದ್ದರೂ ಡಾಕ್ಟರಿಗೆ ಹೇಳಿ.

ಸಾಮಾನ್ಯ ಸಿಬಿಸಿಯಲ್ಲೂ ಸುಳಿವಿದೆ

ಜ್ವರ ಬಂದರೂ ಮಾಡಿಸುವ ಸಿಬಿಸಿಯಲ್ಲಿ, ಅಂದರೆ ರಕ್ತಕಣಗಳ ಲೆಕ್ಕದಲ್ಲಿ, ಬಿಳಿ ರಕ್ತಕಣಗಳ ಪಾಲು ಬರೆದಿರುತ್ತಾರೆ. ನ್ಯೂಟ್ರೋಫಿಲ್ ಉರಿಯೂತದ ಕಡೆಯದು. ಲಿಂಫೋಸೈಟ್ ಕ್ಯಾನ್ಸರ್ ಕೋಶವನ್ನು ಹುಡುಕಿ ಹೊಡೆಯುವ ಪಡೆ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ ಬರುವುದು ಎನ್‌ಎಲ್‌ಆರ್. ನ್ಯೂಟ್ರೋಫಿಲ್ 55, ಲಿಂಫೋಸೈಟ್ 35 ಇದ್ದರೆ 1.6. ಒಂದು 70, ಇನ್ನೊಂದು 20 ಆದರೆ 3.5. ಆಪರೇಷನ್‌ಗೆ ಮುಂಚೆ ಇದು ಜಾಸ್ತಿ ಇದ್ದವರಲ್ಲಿ ಕಾಯಿಲೆ ಮರಳುವುದು ಹೆಚ್ಚು ಅಂತ ಹಲವು ಅಧ್ಯಯನಗಳಲ್ಲಿ ಕಂಡಿದೆ. 2014ರಲ್ಲಿ ಶಾಂಘೈನ ಜೊಂಗ್‌ಶಾನ್ ಆಸ್ಪತ್ರೆಯವರು ಇದಕ್ಕೆ ಪ್ಲೇಟ್‌ಲೆಟ್ ಸಂಖ್ಯೆಯನ್ನೂ ಗುಣಿಸಿ ಎಸ್‌ಐಐ ಅನ್ನುವ ಸೂಚ್ಯಂಕ ಮಾಡಿದರು, 330 ದಾಟಿದರೆ ಅಪಾಯ ಜಾಸ್ತಿ ಅಂದರು.

ನನಗೆ ಅನ್ನಿಸುವುದು, ಮನೆಯಲ್ಲಿ ಕೂತು ಈ ಲೆಕ್ಕ ಹಾಕಿ ಹೆದರುವುದು ಬೇಡ. ಹಲ್ಲು ನೋವಿನ ಸೋಂಕಿಗೂ ನ್ಯೂಟ್ರೋಫಿಲ್ ಏರುತ್ತದೆ, ಸ್ಟೀರಾಯ್ಡ್ ಮಾತ್ರೆಗೂ ಏರುತ್ತದೆ, ಆಪರೇಷನ್ನಿಗಂತೂ ಏರಲೇಬೇಕು. ಇನ್ನು ಸಿರೋಸಿಸ್ ಇದ್ದವರಲ್ಲಿ ಗುಲ್ಮ ಊದಿಕೊಂಡು ಪ್ಲೇಟ್‌ಲೆಟ್ ಇಳಿದಿರುತ್ತದೆ, ಆಗ ಎಸ್‌ಐಐ ಕಡಿಮೆ ಬಂದು ಎಲ್ಲ ಸರಿಯಿದೆ ಅನ್ನಿಸಬಹುದು. ನಿಜದಲ್ಲಿ ಪ್ಲೇಟ್‌ಲೆಟ್ ಇಳಿದಿರುವುದೇ ಲಿವರ್ ಕೆಟ್ಟಿರುವುದರ ಲಕ್ಷಣ.

ಮಣ್ಣು ಹೇಗಿದೆ ಅಂತ ಹೇಳುವ ಎರಡು ಸಂಖ್ಯೆ

ಅಲ್ಬುಮಿನ್ ಮತ್ತು ಬಿಲಿರುಬಿನ್. ಎರಡೂ ಎಲ್‌ಎಫ್‌ಟಿ ಅನ್ನುವ ಮಾಮೂಲಿ ಲಿವರ್ ಪರೀಕ್ಷೆಯಲ್ಲೇ ಇರುತ್ತವೆ, ಬೇರೆ ದುಡ್ಡು ಕೊಡಬೇಕಾಗಿಲ್ಲ. ಅಲ್ಬುಮಿನ್ ಲಿವರ್ ತಯಾರಿಸುವ ಪ್ರೋಟೀನ್, ಜಾಸ್ತಿ ಇದ್ದಷ್ಟೂ ಒಳ್ಳೆಯದು. ಬಿಲಿರುಬಿನ್ ಲಿವರ್ ಹೊರಹಾಕಬೇಕಾದ ಕಸ, ಕಡಿಮೆ ಇದ್ದಷ್ಟೂ ಒಳ್ಳೆಯದು. 2015ರಲ್ಲಿ ಇವೆರಡನ್ನೇ ಸೇರಿಸಿ ‘ಆಲ್ಬಿ’ ಅನ್ನುವ ದರ್ಜೆ ಬಂತು. ದರ್ಜೆ 1 ಒಳ್ಳೆಯದು, 3 ಕೆಟ್ಟದ್ದು. ಬಿಲಿರುಬಿನ್ 1 ಇರುವ ಇಬ್ಬರನ್ನು ತೆಗೆದುಕೊಳ್ಳಿ. ಅಲ್ಬುಮಿನ್ 4.2 ಇರುವವರು ದರ್ಜೆ 1ರಲ್ಲಿ ಬರುತ್ತಾರೆ, 3.2 ಇರುವವರು ದರ್ಜೆ 2ರಲ್ಲಿ. ಕಣ್ಣಿಗೆ ಇಬ್ಬರೂ ಒಂದೇ ತರಹ ಕಾಣಿಸುತ್ತಾರೆ, ಆದರೆ ಎರಡನೆಯವರ ಲಿವರ್ ಆಗಲೇ ದಣಿದಿದೆ.

ಇಲ್ಲೇ ಸೇರಿಸಬೇಕಾದ್ದು ಹೆಪಟೈಟಿಸ್ ಬಿ ಇರುವವರ ವೈರಲ್ ಲೋಡ್, ಅಂದರೆ ರಕ್ತದಲ್ಲಿ ವೈರಸ್ ಎಷ್ಟಿದೆ ಅನ್ನುವ ಲೆಕ್ಕ. ಈ ಲೇಖನದಲ್ಲಿ ನಾನು ಒತ್ತಿ ಹೇಳಬೇಕು ಅಂದುಕೊಂಡಿರುವುದು ಇದನ್ನೇ. ಬೇರೆ ಸಂಖ್ಯೆಗಳು ಸುದ್ದಿ ಹೇಳುತ್ತವೆ. ಇದನ್ನು ಮಾತ್ರೆಯಿಂದ ಇಳಿಸಬಹುದು, ಇಳಿಸಿದರೆ ಗಡ್ಡೆ ಮರಳುವ ಅಪಾಯವೂ ಇಳಿಯುತ್ತದೆ. ಟೆನೊಫೊವಿರ್ ಅಥವಾ ಎಂಟೆಕಾವಿರ್ ಮಾತ್ರೆ, ದಿನಕ್ಕೊಂದು. 2018ರಲ್ಲಿ ಶುರುವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಡಿ ಗೊತ್ತುಪಡಿಸಿದ ಸರ್ಕಾರಿ ಕೇಂದ್ರಗಳಲ್ಲಿ ಹೆಪಟೈಟಿಸ್ ಬಿ ಮತ್ತು ಸಿ ಎರಡಕ್ಕೂ ಔಷಧಿ ಉಚಿತ. ಗಡ್ಡೆ ಹೋಯಿತಲ್ಲ ಅಂತ ಮಾತ್ರೆ ನಿಲ್ಲಿಸುವವರಿದ್ದಾರೆ. ದಯವಿಟ್ಟು ಡಾಕ್ಟರನ್ನು ಕೇಳದೆ ನಿಲ್ಲಿಸಬೇಡಿ. ಹಠಾತ್ತಾಗಿ ನಿಲ್ಲಿಸಿದರೆ ವೈರಸ್ ಕೆರಳಿ, ಅರ್ಧ ಉಳಿದಿರುವ ಲಿವರ್‌ಗೆ ತಡೆದುಕೊಳ್ಳಲಾಗದ ಪೆಟ್ಟು ಬೀಳಬಹುದು.

ರಕ್ತದಲ್ಲಿ ತೇಲುವ ಡಿಎನ್‌ಎ ಚೂರುಗಳು

‘ಲಿಕ್ವಿಡ್ ಬಯಾಪ್ಸಿ’ ಅನ್ನುವ ಹೆಸರು ಕೇಳಿರಬಹುದು. ಕ್ಯಾನ್ಸರ್ ಕೋಶ ಸತ್ತಾಗ ಅದರ ಡಿಎನ್‌ಎ ಚೂರುಗಳು ರಕ್ತಕ್ಕೆ ಸೇರುತ್ತವೆ. ಇವು ಬೇಗ ಕರಗಿಹೋಗುತ್ತವೆ, ಕೆಲವೇ ಗಂಟೆಗಳ ಮಾತು. ಹಾಗಾಗಿ ಆಪರೇಷನ್ ಆಗಿ ಕೆಲವು ವಾರದ ಮೇಲೂ ಸಿಕ್ಕರೆ ಎಲ್ಲೋ ಗಡ್ಡೆ ಉಳಿದಿದೆ ಅಂತ ಅರ್ಥ ಮಾಡಿಕೊಳ್ಳಬಹುದು. ತುಂಬಾ ಭರವಸೆಯ ವಿಷಯ, ಆದರೆ ಲಿವರ್ ಕ್ಯಾನ್ಸರ್‌ನಲ್ಲಿ ಇನ್ನೂ ದಿನನಿತ್ಯದ ಪರೀಕ್ಷೆಯಾಗಿಲ್ಲ. ದುಬಾರಿಯೂ ಹೌದು.

ಅಪಾಯ ಜಾಸ್ತಿ ಅಂತ ಗೊತ್ತಾದರೆ ಏನು ಮಾಡುತ್ತಾರೆ?

ಇಲ್ಲಿ ನೇರವಾಗಿ ಹೇಳಬೇಕು. ಸ್ತನ ಕ್ಯಾನ್ಸರ್‌ನಲ್ಲಿ ಆಪರೇಷನ್ ಆದ ಮೇಲೆ ಅಪಾಯ ನೋಡಿ ಕಿಮೋ ಕೊಡುವ ಹಾಗೆ, ಲಿವರ್ ಕ್ಯಾನ್ಸರ್‌ನಲ್ಲಿ ಎಲ್ಲರೂ ಒಪ್ಪಿದ ಔಷಧಿ ಇನ್ನೂ ಇಲ್ಲ. ಸೊರಾಫೆನಿಬ್ ಮಾತ್ರೆಯಿಂದ ಉಪಯೋಗವಾಗಲಿಲ್ಲ ಅಂತ 2015ರಲ್ಲಿ ಗೊತ್ತಾಯಿತು. 2023ರಲ್ಲಿ ಅಟಿಜೊಲಿಜುಮ್ಯಾಬ್ ಮತ್ತು ಬೆವಾಸಿಜುಮ್ಯಾಬ್ ಅನ್ನುವ ಎರಡು ಔಷಧಿಗಳನ್ನು ಸೇರಿಸಿ ಕೊಟ್ಟಾಗ ಕಾಯಿಲೆ ಮರಳುವುದು ಕಡಿಮೆಯಾಯಿತು ಅನ್ನುವ ಫಲಿತಾಂಶ ಬಂದು ಎಲ್ಲರಿಗೂ ಸಂತೋಷವಾಗಿತ್ತು. ಮುಂದಿನ ವರ್ಷ, ಅದೇ ರೋಗಿಗಳನ್ನು ಇನ್ನಷ್ಟು ದಿನ ಗಮನಿಸಿದ ಮೇಲೆ, ಆ ಲಾಭ ಉಳಿಯಲಿಲ್ಲ.

ಹಾಗಾದರೆ ಗೊತ್ತಾಗಿ ಏನು ಪ್ರಯೋಜನ? ಪ್ರಯೋಜನ ಇದೆ. ಸಾಮಾನ್ಯವಾಗಿ ಮೊದಲ ಎರಡು ವರ್ಷ 3ರಿಂದ 6 ತಿಂಗಳಿಗೊಮ್ಮೆ ಸ್ಕ್ಯಾನ್ ಮತ್ತು ರಕ್ತಪರೀಕ್ಷೆ ಮಾಡುತ್ತಾರೆ, ಅಪಾಯ ಜಾಸ್ತಿ ಇದ್ದವರಿಗೆ ಇನ್ನೂ ಹತ್ತಿರ ಹತ್ತಿರ ಮಾಡುತ್ತಾರೆ. ಮರಳಿದ ಗಡ್ಡೆ ಎರಡು ಸೆಂಟಿಮೀಟರ್ ಇರುವಾಗ ಸಿಕ್ಕರೆ ಮತ್ತೆ ಆಪರೇಷನ್ ಮಾಡಬಹುದು, ಸೂಜಿ ಚುಚ್ಚಿ ಬಿಸಿಯಿಂದ ಸುಡಬಹುದು, ಕೆಲವರಿಗೆ ಲಿವರ್ ಕಸಿಯೂ ಸಾಧ್ಯ. ಎಂಟು ಸೆಂಟಿಮೀಟರ್ ಆದ ಮೇಲೆ ಸಿಕ್ಕರೆ ಈ ಬಾಗಿಲುಗಳಲ್ಲಿ ಹೆಚ್ಚಿನವು ಮುಚ್ಚಿರುತ್ತವೆ.

ಇನ್ನೊಂದು ಮಾತು. ‘ಅಪಾಯ ಜಾಸ್ತಿ’ ಅನ್ನುವುದು ನೂರಾರು ಜನರನ್ನು ಒಟ್ಟಿಗೆ ನೋಡಿ ಹಾಕಿದ ಲೆಕ್ಕ. ಆ ಗುಂಪಿನಲ್ಲೂ ಮರಳದೆ ಚೆನ್ನಾಗಿರುವವರು ಇದ್ದೇ ಇರುತ್ತಾರೆ. ನಿಮ್ಮ ಮನೆಯವರು ಯಾವ ಕಡೆ ಅಂತ ಯಾವ ರಕ್ತಪರೀಕ್ಷೆಯೂ ಖಚಿತವಾಗಿ ಹೇಳುವುದಿಲ್ಲ.

ರಿಪೋರ್ಟ್ ಇಟ್ಟುಕೊಳ್ಳುವ ರೀತಿ

ಸಾಧ್ಯವಾದಷ್ಟೂ ಒಂದೇ ಲ್ಯಾಬ್‌ನಲ್ಲಿ ಮಾಡಿಸಿ. ಒಂದೊಂದು ಲ್ಯಾಬಿನ ಯಂತ್ರ, ಅಳತೆಯ ಘಟಕ ಬೇರೆ ಇರುತ್ತವೆ, ಇಲ್ಲಿಯ 12ನ್ನು ಅಲ್ಲಿಯ 9ರ ಜೊತೆ ಹೋಲಿಸಿದರೆ ತಪ್ಪಾಗಬಹುದು. ಆಪರೇಷನ್‌ಗೆ ಮುಂಚಿನ ರಿಪೋರ್ಟನ್ನಂತೂ ಕಳೆದುಕೊಳ್ಳಲೇಬೇಡಿ. ಅದು ಇಲ್ಲದಿದ್ದರೆ ಎಷ್ಟರಿಂದ ಇಳಿದಿದೆ ಅಂತ ಹೇಳಲು ಆಗುವುದಿಲ್ಲ. ಡಾಕ್ಟರ ಹತ್ತಿರ ಹೋದಾಗ ‘ಆಪರೇಷನ್‌ಗೆ ಮುಂಚೆ ಯಾವ ಸಂಖ್ಯೆ ಜಾಸ್ತಿ ಇತ್ತು, ಈಗ ಅದು ಯಾವ ಕಡೆ ಹೋಗುತ್ತಿದೆ’ ಅಂತ ಕೇಳಿ. ಬಯಾಪ್ಸಿ ರಿಪೋರ್ಟಿನಲ್ಲಿ ರಕ್ತನಾಳದೊಳಗೆ ಗಡ್ಡೆಯ ಕೋಶ ಕಂಡಿತ್ತಾ ಅಂತಲೂ ಕೇಳಿ.

ಚಿಕ್ಕಮ್ಮ ಈಗ ಮಗಳ ಹಳೇ ಗಣಿತದ ನೋಟ್‌ಬುಕ್ಕಿನ ಖಾಲಿ ಹಾಳೆಗಳಲ್ಲಿ ಗೆರೆ ಹಾಕಿ ಬರೆಯುತ್ತಿದ್ದಾರೆ. ತಾರೀಕು, ಎಎಫ್‌ಪಿ, ಪಿವ್ಕಾ, ಬಿಲಿರುಬಿನ್, ಅಲ್ಬುಮಿನ್, ಕೊನೆಯ ಕಾಲಂನಲ್ಲಿ ಆ ವಾರ ಜ್ವರಗಿರ ಇತ್ತಾ, ಹೊಸ ಮಾತ್ರೆ ಶುರುವಾಯಿತಾ ಅಂತ. ಹೋದ ಸಲ ಡಾಕ್ಟರು ಕಂಪ್ಯೂಟರ್ ನೋಡುವ ಮೊದಲು ಆ ಹಾಳೆಯನ್ನೇ ತಿರುಗಿಸಿ ನೋಡಿದರಂತೆ.